ದಿನ ತುಂಬದ ಕೂಸು ಒಳಗೆ, ಬಾಣಂತಿ ಹೊರಗೆ: ತಾಯಿ ಕೈಗೆ ಯಾವ ಕೆಲಸ, ಯಾವತ್ತಿಂದ?

ಜಗಳೂರು ದಾರಿ (ಚರ್ಚೆ ಶುರು ಮಾಡಿದವರು)
ಆಶಾ ಸಭೆಗಳಲ್ಲಿ ಪದೇ ಪದೇ ಏಳೋ ಪ್ರಶ್ನೆ ಇದು. ಜಗಳೂರು, ಮೊಳಕಾಲ್ಮೂರು, ಹೊಸದುರ್ಗ ಕಡೆಯಿಂದ ಏಳು ಎಂಟು ತಿಂಗಳಿಗೇ ಹುಟ್ಟಿದ ಕೂಸುಗಳನ್ನ ದಾವಣಗೆರೆಗೋ ದುರ್ಗಕ್ಕೋ ಕಳಿಸ್ತಾರೆ. ಕೂಸು ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಒಳಗೆ ವಾರ್ಮರ್ (ಮೈ ಬೆಚ್ಚಗಿಡೋ ಯಂತ್ರ) ಮೇಲೆ, ತಾಯಿ ಹೊರಗೆ ಚಾಪೆ ಮೇಲೆ. ಕರೆದಾಗ ಹಾಲು ಹಿಂಡಿ ಕೊಡೋದು, ಗಾಜಿನಿಂದ ಇಣುಕಿ ವಾಪಸ್ ಬಂದು ಕೂರೋದು. ಮನೆಯವರು ಕೇಳಿದ್ರೆ "ಬಾಕ್ಸ್‌ನಲ್ಲಿ ಇಟ್ಟಿದಾರೆ, ಇನ್ನೇನೂ ಗೊತ್ತಿಲ್ಲ" ಅಂತಾಳೆ.

ಕುಟುಂಬದವರನ್ನ ಆರೈಕೆಯಲ್ಲಿ ಸೇರಿಸ್ಕೊಳ್ಳಿ ಅಂತ ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಾದ್ರೆ ತಾಯಿ ನಿಜವಾಗಿ ಏನೇನು ಮಾಡಬಹುದು, ಎಷ್ಟನೇ ದಿನದಿಂದ, ಯಾವುದನ್ನ ಮುಟ್ಟಬಾರದು? ಗೊತ್ತಿರೋರು ಬಿಡಿಸಿ ಬರೀರಿ. "ಧೈರ್ಯವಾಗಿರಿ ತಾಯಿ" ಅನ್ನೋದು ಬೇಡ, ಅದು ವಾಟ್ಸಾಪಲ್ಲಿ ಬೇಕಾದಷ್ಟಿದೆ.

ಕೋಟೆ ಬಾಗಿಲು
ಒಳಗೆ ಬಿಟ್ರೆ ಸೋಂಕು ಹತ್ತುತ್ತೆ ಅಂತಾರಲ್ರೀ? ಮೊದಲು ಅದಕ್ಕೆ ಉತ್ತರ ಕೊಡ್ರಿ.

ವಾರ್ಮರ್ ಆರು
ಕೊಡ್ತೀನಿ. ಇಂಥ ಘಟಕಗಳಲ್ಲಿ ಕೂಸಿಗೆ ಹತ್ತೋ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂಥ ಸೂಕ್ಷ್ಮಾಣುಗಳು ತಾಯಿ ಸೆರಗಲ್ಲಿ ಬರೋದಲ್ಲ. ಸಿಂಕು, ಸಕ್ಷನ್ ನಳಿಕೆ, ಒಂದು ಕೂಸನ್ನ ಮುಟ್ಟಿ ತೊಳೀದೆ ಇನ್ನೊಂದನ್ನ ಮುಟ್ಟಿದ ಕೈ, ಇವು ದಾರಿ. ಒಬ್ಬ ಸಿಸ್ಟರ್ ಒಂದು ಪಾಳೀಲಿ ಆರೇಳು ಕೂಸು ಮುಟ್ತಾರೆ. ತಾಯಿ ಮುಟ್ಟೋದು ತನ್ನದೊಂದನ್ನೇ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಮನೆಯವರನ್ನ ತರಬೇತಿ ಕೊಟ್ಟು ಒಳಗೆ ಬಿಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಸೋಂಕು ಹೆಚ್ಚಲಿಲ್ಲ, ಬಿಡುಗಡೆ ಹೊತ್ತಿಗೆ ಬರೀ ಎದೆಹಾಲು ಕುಡಿಯೋ ಕೂಸುಗಳು ಹೆಚ್ಚಾದವು.

ಆದ್ರೆ ಸುಮ್ಮನೆ ಬಾಗಿಲು ತೆಗೆಯೋದಲ್ಲ. ಬಳೆ, ಉಂಗುರ, ಗಡಿಯಾರ, ಕೈಗೆ ಕಟ್ಟಿದ ದಾರ ತೆಗೀಬೇಕು. ಉಗುರು ಕತ್ತರಿಸಿರಬೇಕು. ಮೊಣಕೈವರೆಗೆ ಸೋಪು ಹಚ್ಚಿ ಆರು ಹಂತ, 40ರಿಂದ 60 ಸೆಕೆಂಡ್. ಎಲ್ಲರೂ ಬಿಡೋದು ಹೆಬ್ಬೆರಳು ಮತ್ತೆ ಉಗುರ ತುದಿ. ಆಮೇಲೆ ಕೈ ತಾನಾಗೇ ಆರಬೇಕು, ಇಲ್ಲ ಒಬ್ಬರಿಗೊಂದು ಶುಚಿಯಾದ ಬಟ್ಟೆ. ಸೀರೆಗೆ ಒರೆಸಿಕೊಂಡ್ರೆ ತೊಳೆದದ್ದೆಲ್ಲ ವ್ಯರ್ಥ. ಮೊಬೈಲ್ ಹೊರಗೆ. ಕೆಮ್ಮು ನೆಗಡಿ ಇದ್ರೆ ಮಾಸ್ಕ್, ಜ್ವರ ಇದ್ರೆ ಡಾಕ್ಟ್ರನ್ನ ಕೇಳಿ.

ಬಾತಿ ಗುಡ್ಡ
ಬಳೆ ತೆಗೀರಿ ಅಂದ್ರೆ ಅತ್ತೆಯವರು ಸುಮ್ನಿರ್ತಾರಾ? ತಾಳಿ ವಿಷಯಕ್ಕಂತೂ ಜಗಳಾನೇ.

ವಾರ್ಮರ್ ಆರು
ತಾಳಿ ತೆಗೀರಿ ಅಂತ ಹೇಳೋದೇ ಬೇಡ. ಸರ ಬೆನ್ನ ಹಿಂದಕ್ಕೆ ಹಾಕಿ ಪಿನ್ ಇಲ್ಲದೆ ಬಟ್ಟೆ ಪಟ್ಟಿಲಿ ಕಟ್ಟಿದ್ರೆ ಸಾಕು, ಕೂಸಿನ ಮೈಗೆ ತಾಗಬಾರದು ಅಷ್ಟೇ. ಗಾಜಿನ ಬಳೆ ಮಾತ್ರ ತೆಗೀಲೇಬೇಕು. ಅದು ಒಡೆದು ಚುಚ್ಚುತ್ತೆ, ಅದರ ಸಂದಿ ತೊಳೆಯೋಕೂ ಆಗಲ್ಲ.

ರಾತ್ರಿ ಪಾಳಿ
ಮೂಲ ಪ್ರಶ್ನೆಗೆ ಬರ್ತೀನಿ. ತಾಯಿ ಕೆಲಸ ಶುರುವಾಗೋದು ಕೂಸನ್ನ ಮುಟ್ಟೋ ಮೊದಲೇ. ಹೆರಿಗೆಯಾದ ಒಂದು ಗಂಟೆಯೊಳಗೆ, ತಡ ಅಂದ್ರೂ ಆರು ಗಂಟೆಯೊಳಗೆ ಹಾಲು ಹಿಂಡೋಕೆ ಶುರು ಮಾಡಬೇಕು. ದಿನಕ್ಕೆ 8ರಿಂದ 10 ಸಲ, ಅದರಲ್ಲಿ ರಾತ್ರಿ ಒಂದು ಸಲ ತಪ್ಪಬಾರದು. "ಹಾಲೇ ಇಲ್ಲ" ಅಂತ ಮೂರನೇ ದಿನ ಕೈಬಿಡೋರಲ್ಲಿ ಬಹಳ ಜನ ಮೊದಲ ಎರಡು ದಿನ ಹಿಂಡೇ ಇರಲ್ಲ. ಎದೆ ಖಾಲಿ ಮಾಡದೇ ಹಾಲು ಬರಲ್ಲ, ಲೆಕ್ಕ ಅಷ್ಟೇ.

ಮೊದಲ ದಿನ ಬರೋದು ಹನಿ ಲೆಕ್ಕ. ಅದನ್ನ ಬಟ್ಟಲಿಗೆ ಹಿಂಡಿದ್ರೆ ಬಟ್ಟಲಿಗೇ ಅಂಟಿಕೊಳ್ಳುತ್ತೆ. ಸೂಜಿ ಇಲ್ಲದ 1 ಮಿಲಿ ಸಿರಿಂಜಲ್ಲಿ ಮೊಲೆತೊಟ್ಟಿಂದಲೇ ಎಳ್ಕೋಬೇಕು. ಕೂಸು ಇನ್ನೂ ಕುಡಿಯೋ ಸ್ಥಿತೀಲಿ ಇಲ್ಲದಿದ್ರೂ ಆ ಗಿಣ್ಣುಹಾಲನ್ನ ಒಂದೊಂದು ಕೆನ್ನೆಯೊಳಗೆ 0.1 ಮಿಲಿ ಸವರಬಹುದು. ಸಿಸ್ಟರ್ ತೋರಿಸಿಕೊಟ್ರೆ ತಾಯಿನೇ ಮಾಡ್ತಾಳೆ.

ಹಿಂಡೋ ಕ್ರಮ: ತೊಟ್ಟಿನ ತುದಿಯಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡು ಬೆರಳು ಹತ್ತಿರ ತಂದು ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನ ಎಳೆಯಬಾರದು. ಒಂದು ಕಡೆ ಮೂರರಿಂದ ಐದು ನಿಮಿಷ, ಆಮೇಲೆ ಇನ್ನೊಂದು ಕಡೆ, ಹಿಂಗೇ ಬದಲಾಯಿಸ್ತಾ ಒಟ್ಟು 20–30 ನಿಮಿಷ. ನೋವಾಗ್ತಿದ್ರೆ ವಿಧಾನ ತಪ್ಪಿದೆ ಅಂತಾನೇ.

ಹರಿಹರ ಸೇತುವೆ
ಸರ್, ಕೂಸು ದಾವಣಗೆರೇಲಿ, ತಾಯಿ ಸಿಸೇರಿಯನ್ ಆಗಿ ತಾಲ್ಲೂಕು ಆಸ್ಪತ್ರೇಲಿ. ಆವಾಗ ಹಾಲು ಕಳಿಸೋದು ಹೆಂಗ?

ರಾತ್ರಿ ಪಾಳಿ
ಕುದಿಸಿ ಆರಿಸಿದ ಮುಚ್ಚಳದ ಸ್ಟೀಲ್ ಡಬ್ಬಿ ಅಥವಾ ಗಾಜಿನ ಸೀಸೆ. ಮೇಲೆ ತಾಯಿ ಹೆಸರು, ತಾರೀಖು, ಹಿಂಡಿದ ಗಂಟೆ. ಹೊರಗೆ 4 ಗಂಟೆ ಇಡಬಹುದು, ಫ್ರಿಜ್‌ನಲ್ಲಿ 24 ಗಂಟೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಕಿಟಕಿ ಪಕ್ಕ ಇಟ್ಕೊಂಡು ಬಂದ ಹಾಲಿಗೆ ಆ 4 ಗಂಟೆ ಲೆಕ್ಕ ಹಿಡೀಬೇಡಿ. ಐಸ್ ಹಾಕಿದ ಅಗಲ ಬಾಯಿಯ ಫ್ಲಾಸ್ಕ್ ಒಳಗೆ ಡಬ್ಬಿ ಇಟ್ಟು ತನ್ನಿ. ಬಿಸಿ ಮಾಡೋದು ಅಂದ್ರೆ ಡಬ್ಬೀನ ಬೆಚ್ಚಗಿನ ನೀರಲ್ಲಿ ಇಡೋದು ಮಾತ್ರ. ಒಲೆ ಮೇಲೆ ಇಡಬೇಡಿ, ಮೈಕ್ರೋವೇವ್ ಬೇಡ. ಮೇಲೆ ಕೆನೆ ಕಟ್ಟಿದ್ರೆ ಕೆಟ್ಟಿದೆ ಅಂತ ಚೆಲ್ಲಬೇಡಿ, ಮೆಲ್ಲಗೆ ಅಲ್ಲಾಡಿಸಿ.

ಇದೆಲ್ಲ ಒಂದೆರಡು ದಿನದ ಉಪಾಯ. ಸರಿಯಾದ ದಾರಿ ಅಂದ್ರೆ ತಾಯೀನೂ ಅದೇ ಊರಿಗೆ ವರ್ಗ ಮಾಡಿಸೋದು. ಹೆರಿಗೆಗೆ ಮೊದಲೇ ದಿನ ತುಂಬಲ್ಲ ಅಂತ ಗೊತ್ತಾದ್ರೆ ಹೊಟ್ಟೇಲಿರುವಾಗಲೇ ಜಿಲ್ಲಾ ಆಸ್ಪತ್ರೆಗೆ ಕಳಿಸೋದು ಇನ್ನೂ ಒಳ್ಳೇದು. ಕೂಸಿಗೆ ತಾಯಿಹೊಟ್ಟೆಗಿಂತ ಒಳ್ಳೆ ಆಂಬುಲೆನ್ಸ್ ಇಲ್ಲ.

ಕೋಟೆ ಬಾಗಿಲು
ತಾಯಿಗೆ ಹಾಲೇ ಬರದಿದ್ರೆ ದಾನಿ ಹಾಲು ಸಿಗುತ್ತಾ?

ವಾರ್ಮರ್ ಆರು
ಬೆಂಗಳೂರಿನ ವಾಣಿ ವಿಲಾಸದಲ್ಲಿ 2022ರಿಂದ ಅಮೃತಧಾರೆ ಅನ್ನೋ ಸರ್ಕಾರಿ ಎದೆಹಾಲಿನ ಬ್ಯಾಂಕ್ ಇದೆ. ಅಲ್ಲಿ ದಾನಿಯ ರಕ್ತಪರೀಕ್ಷೆ ಮಾಡಿ, ಹಾಲನ್ನ ಪಾಶ್ಚರೀಕರಿಸಿ ಕೊಡ್ತಾರೆ. ಪಕ್ಕದ ಹಾಸಿಗೆ ಬಾಣಂತಿ ಹಾಲನ್ನ ಹಂಗೇ ಹಾಕೋದು ಅದಕ್ಕೆ ಸಮ ಅಲ್ಲ, ಎಚ್‌ಐವಿ, ಸಿಎಂವಿ ಇಂಥ ವೈರಸ್ಸುಗಳು ಹಾಲಲ್ಲೇ ದಾಟುತ್ತವೆ.

ನಾಯಕನಹಟ್ಟಿ ತೇರು
ಎಷ್ಟು ಹಾಲು ಹಾಕ್ತಾರೆ ಅನ್ನೋದು ಮನೆಯೋರಿಗೆ ಅರ್ಥನೇ ಆಗಲ್ಲ. "ಎಂಟು ಮಿಲಿ ಹಾಕಿ ಕೂಸನ್ನ ಉಪವಾಸ ಕೆಡವಿದಾರೆ" ಅಂತ ಜಗಳ ತೆಗೀತಾರೆ.

ರಾತ್ರಿ ಪಾಳಿ
ಲೆಕ್ಕ ಹೇಳ್ಬಿಟ್ರೆ ಜಗಳ ಅರ್ಧ ಕಮ್ಮಿ ಆಗುತ್ತೆ. 1.5 ಕೆಜಿ ಕೂಸು ಅಂತಿಟ್ಕೊಳ್ಳಿ. ಮೊದಲ ದಿನ ಕೆಜಿಗೆ 60 ಮಿಲಿ, ಅಂದ್ರೆ 90. ಎರಡು ಗಂಟೆಗೊಮ್ಮೆ ಹನ್ನೆರಡು ಸಲ ಹಾಕಿದ್ರೆ ಒಂದು ಸಲಕ್ಕೆ ಏಳೂವರೆ ಮಿಲಿ. ಕರುಳು ತಡ್ಕೊಂಡ್ರೆ ದಿನಾ ಕೆಜಿಗೆ 15–20 ಮಿಲಿ ಏರಿಸ್ತಾ 150ಕ್ಕೆ ತರ್ತಾರೆ. ಆವಾಗ ದಿನಕ್ಕೆ 225, ಸಲಕ್ಕೆ ಸುಮಾರು 19. ಎಳೇ ಕರುಳಿಗೆ ಒಮ್ಮೆಲೇ ಸುರಿದ್ರೆ ಹೊಟ್ಟೆ ಉಬ್ಬುತ್ತೆ, ಹಸಿರು ವಾಂತಿ, ಮಲದಲ್ಲಿ ರಕ್ತ. ಎನ್ಇಸಿ ಅನ್ನೋ ಈ ಕರುಳಿನ ಕಾಯಿಲೆ ಬಂದ್ರೆ ಕರುಳಿನ ತುಂಡೇ ಸತ್ತು ಹೋಗಬಹುದು. ಆದ್ರಿಂದ ಬಾಟಲಿ ಪುಡಿಹಾಲು ಹೊರಗಿಂದ ತಂದು ಕದ್ದು ಹಾಕೋ ಅಜ್ಜಿಯಂದಿರಿಗೆ ಇದನ್ನ ಬಿಡಿಸಿ ಹೇಳಿ.

ಯಾವ ದಾರೀಲಿ ಹಾಕೋದು ಅನ್ನೋದು ವಾರದ ಲೆಕ್ಕ. 32 ವಾರಕ್ಕಿಂತ ಮೊದಲು ಹುಟ್ಟಿದ್ರೆ ಹೊಟ್ಟೆಗೆ ಇಳಿಸಿದ ನಳಿಕೆ. 32ರಿಂದ 34 ಒಳಲೆ. 34 ದಾಟಿದ್ರೆ ಚೀಪೋದು, ನುಂಗೋದು, ಉಸಿರಾಡೋದು ಒಂದಕ್ಕೊಂದು ಹೊಂದಿಕೊಂಡಿರುತ್ತೆ, ಮೊಲೆಗೇ ಹಾಕಬಹುದು. ಇವು ಗೆರೆ ಎಳೆದಂಗಲ್ಲ, ಕೂಸು ನೋಡಿ ಹಿಂದೆ ಮುಂದೆ ಆಗುತ್ತೆ.

ಬಾತಿ ಗುಡ್ಡ
ಒಳಲೆ ಅಂದ್ರೆ ನಮ್ಮಜ್ಜಿ ಕಾಲದ್ದೇ ಅಲ್ವಾ? ಅದನ್ನ ಆಸ್ಪತ್ರೇಲಿ ಪಲಾಡಾ ಅಂತಾರೆ, ನಾನು ಯಾವುದೋ ಮಿಷನ್ ಅನ್ಕೊಂಡಿದ್ದೆ 😀

ವಾರ್ಮರ್ ಆರು
ಅದೇ, ಮೂತಿ ಇರೋ ಬಟ್ಟಲು. ಆದ್ರೆ ಅಜ್ಜಿ ವಿಧಾನ ಬೇಡ. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯೋದು ಅಪಾಯ, ಹಾಲು ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಕೂಸು ಎಚ್ಚರ ಇರಬೇಕು. ಅರ್ಧ ಕೂತ ಭಂಗಿ, ಕತ್ತಿಗೆ ಕೈ ಆಸರೆ. ಮೂತೀನ ಕೆಳತುಟಿ ಮೇಲೆ ಬಾಯಿ ಮೂಲೇಲಿಟ್ಟು ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ್ದು ಕಂಡ ಮೇಲೆ ಮುಂದಿನದು. ಅರ್ಧ ಗಂಟೆ ಹಿಡಿದ್ರೂ ಮುಗೀತಿಲ್ಲ, ತುಟಿ ನೀಲಿಯಾಗ್ತಿದೆ, ಸುಸ್ತಾಗಿ ನಿದ್ದೆ ಹೋಗ್ತಿದೆ ಅಂದ್ರೆ ಒಳಲೆಗೆ ಇನ್ನೂ ಕಾಲ ಬಂದಿಲ್ಲ, ಸಿಸ್ಟರ್‌ಗೆ ಹೇಳಿ ನಳಿಕೆಗೆ ವಾಪಸ್. ಚೆಲ್ಲಿದ್ದನ್ನೂ ಲೆಕ್ಕ ಹೇಳಬೇಕು, 19 ಹಾಕಿ 6 ಬಟ್ಟೆಗೆ ಹೋದ್ರೆ ಹಾಳೇಲಿ 19 ಅಂತ ಬರೆಸಬಾರದು. ಪ್ರತಿ ಸಲ ಸೋಪಿಂದ ತೊಳೆದು 20 ನಿಮಿಷ ಕುದಿಸಿ.

ನಳಿಕೆ ಹಾಕೋದು, ಅದು ಹೊಟ್ಟೇಲೇ ಇದೆಯಾ ಅಂತ ಪರೀಕ್ಷಿಸೋದು ಸಿಸ್ಟರ್ ಕೆಲಸ. ಅದಾದ ಮೇಲೆ ಸಿರಿಂಜನ್ನ ಎತ್ತಿ ಹಿಡಿದು ಹಾಲು ತಾನಾಗೇ ಇಳಿಯೋಕೆ ಬಿಡೋದು ತಾಯಿ ಮಾಡಬಹುದು. ಪಿಸ್ಟನ್ ಒತ್ತಬಾರದು. ನ್ಯಾಪಿ ಬದಲಿಸೋದು, ಕಣ್ಣು ಬಾಯಿ ಒರೆಸೋದು, ಜ್ವರಮಾಪಕ ಇಡೋದು, ಬೆಳಕು ಕಣ್ಣಿಗೆ ಬೀಳದಂಗೆ ನೋಡೋದು, ಬಟ್ಟೆ ಸುರುಳಿ ಸುತ್ತಿ ಕೂಸಿನ ಸುತ್ತ ಗೂಡಿನ ಹಾಗೆ ಇಡೋದು ಎಲ್ಲ ಅವಳದೇ. ಆಮ್ಲಜನಕದ ತಿರುಗಣೆ, ಡ್ರಿಪ್, ವಾರ್ಮರ್ ಬಟನ್, ಔಷಧಿ ಮುಟ್ಟೋ ಹಾಗಿಲ್ಲ. ಮಾನಿಟರ್ ಕೂಗಿದ್ರೆ ಕರೀಬೇಕು, ಆರಿಸಬಾರದು.

ಜಗಳೂರು ದಾರಿ
ಇದು ಬೇಕಾಗಿತ್ತು. ಇನ್ನು ಕಾಂಗರೂ ಆರೈಕೆ, ಅಂದ್ರೆ ಕೂಸನ್ನ ಮೈಗೆ ಮೈ ತಾಗೋ ಹಾಗೆ ಎದೆಗೆ ಕಟ್ಕೊಳ್ಳೋದು. ಎಷ್ಟು ಹೊತ್ತು, ಯಾವಾಗಿಂದ? "ಕೆಜಿ ಏರಿದ ಮೇಲೆ" ಅಂತಾರೆ ಕೆಲವು ಕಡೆ.

ರಾತ್ರಿ ಪಾಳಿ
ಅದು ಹಳೇ ಮಾತು. 2021ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ 1 ಕೆಜಿಯಿಂದ 1.799 ಕೆಜಿವರೆಗಿನ 3,211 ಕೂಸುಗಳನ್ನ ನೋಡಿದ್ರು. ಸ್ಥಿರ ಆಗ್ಲಿ ಅಂತ ಕಾಯದೆ ಹುಟ್ಟಿದ ಕೂಡ್ಲೇ ತಾಯಿ ಎದೆಗೆ ಹಾಕಿದ ಗುಂಪಲ್ಲಿ 28 ದಿನದೊಳಗೆ ತೀರಿಹೋದವು ನೂರಕ್ಕೆ 12. ಇನ್ನೊಂದು ಗುಂಪಲ್ಲಿ 15.7. ನಮ್ಮ ದೇಶದಿಂದ ಇದ್ದದ್ದು ದೆಹಲಿಯ ಸಫ್ದರ್‌ಜಂಗ್. 2022ರಿಂದ ಸಂಸ್ಥೆ ಹೇಳ್ತಿರೋದು ಹುಟ್ಟಿದ ತಕ್ಷಣದಿಂದ, ದಿನಕ್ಕೆ 8ರಿಂದ 24 ಗಂಟೆ. ಸಿಪ್ಯಾಪ್ (ಉಸಿರಾಟಕ್ಕೆ ಒತ್ತಡದಲ್ಲಿ ಗಾಳಿ ಕೊಡೋ ಯಂತ್ರ) ಹಾಕಿದೆ ಅನ್ನೋದೊಂದೇ ತಡೆ ಅಲ್ಲ. ಉಸಿರು ನಿಂತು ನಿಂತು ಹೋಗ್ತಿರೋ, ವೆಂಟಿಲೇಟರ್ ಬೇಕಾದ, ರಕ್ತದೊತ್ತಡ ಕುಸಿದ ಕೂಸಿಗೆ ಮಾತ್ರ ಡಾಕ್ಟ್ರು ಕಾಯಿಸ್ತಾರೆ.

ವಾರ್ಮರ್ ಆರು
ಹಾಕೋದು ಹಿಂಗೆ. ಕೂಸಿಗೆ ಟೋಪಿ, ಕಾಲುಚೀಲ, ನ್ಯಾಪಿ ಬಿಟ್ರೆ ಬೇರೆ ಬಟ್ಟೆ ಇಲ್ಲ. ತಾಯಿಗೆ ಮುಂದೆ ತೆರೆಯೋ ನೈಟಿ ಅಥವಾ ರವಿಕೆ, ಒಳಗೆ ಬ್ರಾ ಇಲ್ಲ. ಎರಡು ಮೊಲೆ ನಡುವೆ ನೆಟ್ಟಗೆ, ಕಪ್ಪೆ ಕಾಲು ಮಡಚಿದ ಹಾಗೆ ಸೊಂಟ ಅಗಲ. ಮುಖ ಒಂದು ಪಕ್ಕಕ್ಕೆ, ಕತ್ತು ಸ್ವಲ್ಪ ಹಿಂದಕ್ಕೆ. ಗದ್ದ ಎದೆಗೆ ಒತ್ತಿದ್ರೆ ಉಸಿರು ಕಟ್ಟುತ್ತೆ, ನೋಡ್ಲೇಬೇಕಾದ ಜಾಗ ಇದೇ. ಕಟ್ಟೋ ಬಟ್ಟೆಯ ಮೇಲಂಚು ಕಿವಿ ಕೆಳಗೆ ಬರಬೇಕು. ಎದೆ ಭಾಗ ಬಿಗಿ, ಹೊಟ್ಟೆ ಭಾಗ ಸಡಿಲ. ತಾಯಿ ಬೆನ್ನು ಒರಗಿಸಿ ಅರ್ಧ ಕೂತಿರಬೇಕು, ಪೂರ್ತಿ ಅಂಗಾತ ಬೇಡ.

ಒಮ್ಮೆ ಹಾಕಿದ್ರೆ ಕಮ್ಮಿ ಅಂದ್ರೂ ಒಂದು ಗಂಟೆ ತೆಗೀಬೇಡಿ. ಹತ್ತು ನಿಮಿಷಕ್ಕೆ ಹಾಕಿ ತೆಗೆದ್ರೆ ಕೂಸಿಗೆ ದಣಿವೇ ಹೆಚ್ಚು. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಇರಬೇಕು. ಪಾದ ತಣ್ಣಗಾಗಿ ಹೊಟ್ಟೆ ಬೆಚ್ಚಗಿದ್ರೆ ಈಗಷ್ಟೇ ತಣ್ಣಗಾಗ್ತಿದೆ, ಎರಡೂ ತಣ್ಣಗಿದ್ರೆ ತಡ ಆಗ್ಬಿಟ್ಟಿದೆ.

ಹರಿಹರ ಸೇತುವೆ
ಗಂಡಸ್ರು ಹಾಕ್ಕೋಬಹುದಾ?

ವಾರ್ಮರ್ ಆರು
ಧಾರಾಳವಾಗಿ. ಅಜ್ಜಿ, ಚಿಕ್ಕಮ್ಮ ಯಾರಾದ್ರೂ. ಸ್ನಾನ ಮಾಡಿರಬೇಕು, ಬೀಡಿ ಗುಟ್ಕಾ ವಾಸನೆ ಇರಬಾರದು. ತೊಡಕು ಬರೋದು ಜಾಗದಲ್ಲಿ. ಕಾಂಗರೂ ಕೋಣೆ ತುಂಬ ಹಾಲೂಡೋ ಬಾಣಂತೀರು, ಗಂಡಸರನ್ನ ಎಲ್ಲಿ ಕೂರಿಸೋದು? ಒಂದು ಪರದೆ, ಇಲ್ಲಾ ಸಂಜೆ ಒಂದು ನಿಗದಿ ಹೊತ್ತು ಇಟ್ರೆ ಬಗೆಹರಿಯುತ್ತೆ.

ನಾಯಕನಹಟ್ಟಿ ತೇರು
ನೀವೆಲ್ಲ ವಿಧಾನ ಹೇಳ್ತಿದೀರಿ, ಚೆನ್ನಾಗಿದೆ. ಆದ್ರೆ ಕೆಲಸ ಕೆಡ್ತಿರೋದು ಅಲ್ಲಲ್ಲ. ತಾಯಿ ದಿನಕ್ಕೆ ಎಂಟು ಗಂಟೆ ಕೂಸನ್ನ ಎದೆಗೆ ಹಾಕ್ಕೋಬೇಕು ಅಂದ್ರೆ ಅವಳಿಗೆ ಒರಗೋಕೆ ಹಾಸಿಗೆ, ಹತ್ತಿರದಲ್ಲೇ ಶೌಚಾಲಯ, ಬಿಸಿನೀರು, ಮೂರು ಹೊತ್ತು ಊಟ ಬೇಕು. ಜೆಎಸ್‌ಎಸ್‌ಕೆ (ಬಾಣಂತಿ, ಕೂಸಿಗೆ ಉಚಿತ ಆರೈಕೆಯ ಕೇಂದ್ರ) ಯೋಜನೆ 2011ರಲ್ಲಿ ಬಂತು, ಅದರಲ್ಲಿ ಉಚಿತ ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಕೂಸು 1.2 ಕೆಜಿ ಇದ್ರೆ ವಾರಗಟ್ಟಲೆ ಒಳಗಿರುತ್ತೆ. ತಾಯಿ ಡಿಸ್ಚಾರ್ಜ್ ಆದ ಮರುದಿನದಿಂದ ಅವಳು ರೋಗಿಯೂ ಅಲ್ಲ, ಹಾಸಿಗೆಯೂ ಇಲ್ಲ. ಹಸಿವು, ನಿದ್ದೆಗೇಡು, ಹೊಲಿಗೆ ನೋವು, ಅದರ ಮೇಲೆ "ಹಾಲು ಯಾಕೆ ಕಮ್ಮಿ" ಅಂತ ಬೈಗುಳ.

ರಾತ್ರಿ ಪಾಳಿ
ಒಪ್ಪಿದೆ. ಅದಕ್ಕೇ ಈಗ ತಾಯಿ ಹಾಸಿಗೆ ಮತ್ತೆ ಕೂಸಿನ ವಾರ್ಮರ್ ಒಂದೇ ಕೋಣೇಲಿ ಇರೋ ಎಂಎನ್‌ಸಿಯು ಮಾದರಿ ಬಂದಿರೋದು. ಅಲ್ಲಿ ತಾಯಿ ತಪಾಸಣೆಗೆ ಹೆರಿಗೆ ವಿಭಾಗದವರೇ ಬರ್ತಾರೆ. ಕಟ್ಟಡ ಬರೋವರೆಗೆ ಕಾಯಬೇಕಿಲ್ಲ, ತಾಯಿಯನ್ನ ಕೂಸಿನ ಕೇಸ್‌ಶೀಟ್ ಜೊತೆ ದಾಖಲಾದವಳು ಅಂತಲೇ ಲೆಕ್ಕ ಹಿಡಿದು ಅಡುಗೆಮನೆ ಪಟ್ಟಿಗೆ ಸೇರಿಸೋದು ಆಡಳಿತದ ಒಂದು ಸಹಿ ಕೆಲಸ.

ಕೋಟೆ ಬಾಗಿಲು
ಒಂದು ಸಹಿ! ಆ ಒಂದು ಸಹಿಗೆ ಎಷ್ಟು ಮೇಜು ದಾಟಬೇಕು ಗೊತ್ತಾ ಸರ್.

ಬಾತಿ ಗುಡ್ಡ
ಅಲ್ಲೀವರೆಗೆ ಇಂದಿರಾ ಕ್ಯಾಂಟೀನ್ ಇದೆಯಲ್ಲ. ತಾಯಿ ಬೆಣ್ಣೆದೋಸೆ ತಿನ್ನಬಹುದಾ ಅಂತ ಯಾರೂ ಕೇಳ್ಲಿಲ್ಲ ಇನ್ನೂ 😀

ವಾರ್ಮರ್ ಆರು
ತಿನ್ನಲಿ ಬಿಡ್ರಿ, ಅದೊಂದೇ ಆಗಬಾರದು ಅಷ್ಟೇ. ನಿಜವಾದ ತೊಂದರೆ ಪಥ್ಯದ್ದು. ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಬಿಟ್ಟು ಏನೂ ಕೊಡಲ್ಲ, ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತ ಲೋಟ ಎಣಿಸ್ತಾರೆ. ಬಾಯಾರಿದಷ್ಟು ನೀರು ಕುಡೀಬೇಕು. ಮುದ್ದೆ, ಬೇಳೆ, ಸೊಪ್ಪು, ಮೊಟ್ಟೆ, ಹಾಲು ಎಲ್ಲ ಆಗುತ್ತೆ. ಕಬ್ಬಿಣದ ಮಾತ್ರೆ ನಿಲ್ಲಿಸಬಾರದು.

ಚಳ್ಳಕೆರೆ ಕಂಬಳಿ
ಹಿರೇರು ಹೇಳ್ತಾರೆ ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಅಂತ. ಇದು ನಿಜಾನಾ?

ರಾತ್ರಿ ಪಾಳಿ
ಸುಳ್ಳು. ಹೊಟ್ಟೇಲಿ ಒಂದೊಂದು ವಾರ ಹೆಚ್ಚಿದಷ್ಟೂ ಶ್ವಾಸಕೋಶ ಬಲೀತದೆ. ಈ ಮಾತಿಂದ ಆಗೋ ಕೇಡು ಏನಂದ್ರೆ, ಎಂಟು ತಿಂಗಳ ಕೂಸನ್ನ "ಹೆಂಗೂ ಉಳಿಯಲ್ಲ" ಅಂತ ಸಹಿ ಹಾಕಿ ಮನೆಗೆ ಕರ್ಕೊಂಡು ಹೋಗ್ತಾರೆ.

ಚಳ್ಳಕೆರೆ ಕಂಬಳಿ
ಮನೆಗೆ ಹೋದ ಮೇಲೆ ಸಾಂಬ್ರಾಣಿ ಹೊಗೆ, ಎಣ್ಣೆಸ್ನಾನ, ಬಜೆ, ಜೇನು?

ವಾರ್ಮರ್ ಆರು
ಹೊಗೆ ಬೇಡವೇ ಬೇಡ, ಆ ಶ್ವಾಸಕೋಶಕ್ಕೆ. ಬಜೆ ಜೇನು ಬಾಯಿಗೆ ಬೇಡ. ಮೂಗು ಕಿವಿಗೆ ಎಣ್ಣೆ ಬಿಡಬೇಡಿ. ಸ್ನಾನದ ಬದಲು ಒರೆಸಿ, ಮೈ ತುಂಬೋವರೆಗೆ. ನಿಮ್ಮ ಚಳ್ಳಕೆರೆ ಕಂಬಳೀನ ತಾಯಿ ಬೆನ್ನಿಗೆ ಒರಗೋಕೆ ಸುರುಳಿ ಸುತ್ತಿಡಿ, ಕಾಂಗರೂಗೆ ಅದು ಬಲು ಒಳ್ಳೇದು. ಕೂಸಿನ ಚರ್ಮಕ್ಕೆ ಮಾತ್ರ ಹತ್ತಿ ಬಟ್ಟೆ.

ಮನೆಯಲ್ಲೂ ಕಾಂಗರೂ ಮುಂದುವರಿಸಿ. ಕೂಸು ತಾನೇ ಒದ್ದಾಡಿ ಹೊರಬರೋಕೆ ನೋಡುತ್ತೆ, ಆವಾಗ ನಿಲ್ಲಿಸಿ, ಸುಮಾರು ಎರಡೂವರೆ ಕೆಜಿ ಆಗಿರುತ್ತೆ. ಹಾಲು ಕುಡೀದಿದ್ರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದ್ರೆ, ಪಕ್ಕೆ ಒಳಗೆ ಎಳೆದ್ರೆ, ಅಂಗೈ ಅಂಗಾಲು ಹಳದಿಯಾದ್ರೆ, ಮೈ ತಣ್ಣಗೆ ಬಿದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ.

ರಾತ್ರಿ ಪಾಳಿ
ಆಶಾ ಅಕ್ಕಂದಿರಿಗೆ ಒಂದು ತಾರೀಖು ಗಟ್ಟಿ ನೆನಪಿರಲಿ: ಕಣ್ಣಿನ ಪರೀಕ್ಷೆ. 34 ವಾರದೊಳಗೆ ಹುಟ್ಟಿದ್ದು ಅಥವಾ 2 ಕೆಜಿ ಒಳಗಿನದು, ಎಲ್ಲಕ್ಕೂ ಹುಟ್ಟಿದ 30 ದಿನದೊಳಗೆ ರೆಟಿನಾ ನೋಡಿಸಬೇಕು. 28 ವಾರದೊಳಗಿನದು ಅಥವಾ 1.2 ಕೆಜಿ ಒಳಗಿನದಾದ್ರೆ ಎರಡು ಮೂರು ವಾರಕ್ಕೇ. ಕಣ್ಣು ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ರಕ್ತನಾಳ ಅಡ್ಡಾದಿಡ್ಡಿ ಬೆಳೀತಿರುತ್ತೆ. ವಾರ ತಪ್ಪಿದ್ರೆ ಲೇಸರ್ ಹೊತ್ತು ಮೀರಿ ಹೋಗುತ್ತೆ. ಮುಟ್ಟು, ತಿಥಿ, ಜಾತ್ರೆ ಅಂತ ಮುಂದೂಡೋದು ಇದನ್ನೇ. ಲಸಿಕೆ ಹುಟ್ಟಿದ ತಾರೀಖಿನ ಲೆಕ್ಕದಲ್ಲೇ, ದಿನ ತುಂಬಬೇಕಿದ್ದ ತಾರೀಖಿಂದಲ್ಲ.

ಹರಿಹರ ಸೇತುವೆ
ಅವಳಿ ಆದ್ರೆ?

ವಾರ್ಮರ್ ಆರು
ಎರಡನ್ನೂ ಒಟ್ಟಿಗೇ ಒಬ್ಬಳೇ ಹಾಕ್ಕೋಬಹುದು, ಮುಖ ಎರಡೂ ಕಾಣಬೇಕು. ದಣಿದ್ರೆ ಒಂದು ಅಪ್ಪನ ಎದೆಗೆ. ಹೆಸರಿನ ಪಟ್ಟಿ ಕಾಲಿಗಿರೋದು ನೋಡಿ ಹಾಲು ಹಾಕಿ, ಒಂದಕ್ಕೇ ಎರಡು ಸಲ ಹಾಕೋದು ಅವಳಿಗಳಲ್ಲಿ ಮಾಮೂಲು ಎಡವಟ್ಟು.

ಜಗಳೂರು ದಾರಿ
ಕೈ ತೊಳೆಯೋದು, ಹಿಂಡೋದು, ಒಳಲೆ, ಕಾಂಗರೂ, ಕಣ್ಣಿನ ತಾರೀಖು, ಈ ಐದನ್ನ ದೊಡ್ಡ ಅಕ್ಷರದಲ್ಲಿ ಬರೆಸಿ ಮುಂದಿನ ಸಭೆಗೆ ಹಂಚ್ತೀನಿ. ಊಟದ ವಿಷಯಕ್ಕೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅರ್ಜಿ ಬರೀತೀವಿ. ಕರಡು ಇಲ್ಲೇ ಹಾಕ್ತೀನಿ, ಕೋಟೆ ಬಾಗಿಲು ಅಣ್ಣ, ಯಾವ್ಯಾವ ಮೇಜು ಅಂತ ನೀವೇ ಹೇಳ್ಬೇಕು.

ಕೋಟೆ ಬಾಗಿಲು
ಹಾಕ್ರಿ. ಮೂರು ಪ್ರತಿ ಮಾಡಿಸ್ರಿ, ಒಂದಕ್ಕೆ ಸ್ವೀಕೃತಿ ಸೀಲ್ ಹಾಕಿಸಿ ನಿಮ್ಮ ಹತ್ರ ಇಟ್ಕೊಳ್ರಿ.